ನೋಹನ ನಾವೆಯಲ್ಲಿ ಸಗಣಿ ಎತ್ತಿದವರು ಯಾರು?

ನನ್ನ ತಂಗಿಯ ಮಗನಿಗೆ ಏನೆಂದರೆ ಏನೂ ಗೊತ್ತಿಲ್ಲ. ಹೊಟ್ಟೆಕಿಚ್ಚಿನ ಮಾತಲ್ಲ ಇದು. ತನ್ನ ಒಂಬತ್ತು ವರ್ಷದ ಮಗಳು ರೂತಳ ಮುಂದೆ ಅವನೇ ದಿನಕ್ಕೆ ಇಪ್ಪತ್ತು ಸಲ ಒಪ್ಪಿಕೊಳ್ಳುತ್ತಾನೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ., ಬಣ್ಣದ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಐರೋಲಿಯಲ್ಲಿ ಸಮುದ್ರದ ಖಾಡಿ ಕಾಣುವ ಫ್ಲ್ಯಾಟು, ಎಲ್ಲ ಇದೆ. ಆದರೆ ಮಗಳು "ಪಪ್ಪಾ, ಇದು ಯಾಕೆ?" ಎಂದರೆ ಸಾಕು, ಲಾಟರಿ ಹೊಡೆದವನ ಹಾಗೆ ಮುಖ ಅರಳಿಸಿ, "ಗೊತ್ತಿಲ್ಲ ಮಗಾ, ಹೋಗಿ ನೋಡುವ!" ಎನ್ನುತ್ತಾನೆ. ಇಷ್ಟು ಖುಷಿಯಿಂದ ಅಜ್ಞಾನವನ್ನು ಸಾರುವ ಗಂಡಸನ್ನು ನೀವು ಕಂಡಿದ್ದೀರಾ? ನಮ್ಮ ಯಜಮಾನರು, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ, ಲೋಕಲ್ ಟ್ರೇನಿನಲ್ಲಿ ಡೊಂಬಿವಲಿಯಲ್ಲಿ ಇಳಿಯುವುದು ಬಿಟ್ಟು ನಿದ್ದೆಯಲ್ಲಿ ಬದಲಾಪುರ ತಲುಪಿದರೂ ಬೇಕೆಂದೇ ಬಂದೆ ಎನ್ನುತ್ತಿದ್ದರು!

ನಾನೋ, ಉಡುಪಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ತಯಾರಾದ ಮಾಲು. ಕ್ಲೀನ್ ನೇಲ್ಸ್, ಪಿನ್ ಡ್ರಾಪ್ ಸೈಲೆನ್ಸ್. ಠಾಣೆಯ ನಮ್ಮ ಚರ್ಚಿನಲ್ಲಿ ಬೆಳಿಗ್ಗೆ ಮರಾಠಿಯವರದು, ಮಧ್ಯಾಹ್ನ ತಮಿಳರದು ಮುಗಿದು, ಬೆಂಚು ಇನ್ನೂ ಬಿಸಿಯಿರುವಾಗ ಕನ್ನಡ ಆರಾಧನೆ. ಅದಕ್ಕೆ ಮೊದಲು ಹಿಂದಿನ ಕೋಣೆಯಲ್ಲಿ ಮುಕ್ಕಾಲು ಗಂಟೆ ಸಂಡೇ ಸ್ಕೂಲ್. ಮೂವತ್ತು ವರ್ಷದಿಂದ ಅದರ ಟೀಚರ್ ನಾನು. ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಒಬ್ಬರಿಗೆ ಮಾತ್ರ. ಯಾರಿಗೆಂದು ಬೇರೆ ಹೇಳಬೇಕೆ?

ರೂತಳಿಗೆ ಹೇಳಬೇಕಾಯಿತು. ಜಲಪ್ರಳಯದ ಪಾಠದಲ್ಲಿ ನೋಹನ ನಾವೆಗೆ ಜೋಡಿ ಜೋಡಿಯಾಗಿ ಪ್ರಾಣಿಗಳನ್ನು ಹತ್ತಿಸಿ ನಾನು ಬಾಗಿಲು ಹಾಕುವಷ್ಟರಲ್ಲಿ ಇವಳ ಕೈ ಮೇಲೆ.

"ಪಣ್ ಅಜ್ಜಿ," ಎಂದಳು, 'ಆದರೆ' ಎನ್ನಲು ಅವಳಿಗೆ ಮರಾಠಿಯೇ ಬರುವುದು, "ಅಷ್ಟು ಪ್ರಾಣಿಗಳ ಸಗಣಿ ಯಾರು ಎತ್ತಿದ್ರು?"

"ನೋಹನ ಮನೆಯಲ್ಲಿ ಮೂರು ಜನ ಸೊಸೆಯಂದಿರು ಇದ್ದರಲ್ಲ! ನೆಕ್ಸ್ಟ್!" ಎಂದೆ.

ಬೇರೆ ಅಪ್ಪನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಇವನು ಶನಿವಾರ ಮಗಳನ್ನು ಕರೆದುಕೊಂಡು, ಚೀಲದಲ್ಲಿ ಒಂದು ಕೊಕ್ಕೆ ತಕ್ಕಡಿ ಇಟ್ಟುಕೊಂಡು, ಕಲ್ಯಾಣದ ಎಮ್ಮೆ ತಬೇಲಾಕ್ಕೆ ಹೋದ. ಸಗಣಿ ತೂಗಲು ಬಂದವರನ್ನು ಕಂಡು ತಬೇಲಾದವನು ಮುನಿಸಿಪಾಲಿಟಿಯವರೆಂದು ಹೆದರಿ ಎರಡು ಸಲ ಚಹಾ ತರಿಸಿದನಂತೆ. ಮರುದಿನ ರೂತ್ ಕ್ಲಾಸಿನಲ್ಲಿ ಎದ್ದು ನಿಂತಳು.

"ಒಂದೇ ಎಮ್ಮೆಗೆ ದಿನಕ್ಕೆ ಎರಡು ಬುಟ್ಟಿ, ಇಪ್ಪತ್ತು ಕಿಲೋ ಭಾರ, ಅಜ್ಜಿ. ಸೊಸೆಯಂದಿರು ಮಾತ್ರ ಸಾಕಾಗ್ಲಿಕ್ಕಿಲ್ಲ. ಗಂಡಸರೂ ಎತ್ತಿರ್ಬೇಕು!"

ಬಾಗಿಲಲ್ಲಿ ಕಾಯುತ್ತಿದ್ದ ತಾಯಂದಿರು ಚಪ್ಪಾಳೆ ತಟ್ಟಿದರು. ಆ ವಾರ ನಮ್ಮ ಸಭೆಯ ಮೂರು ಮನೆಗಳಲ್ಲಿ ಗಂಡಸರು ಪಾತ್ರೆ ತೊಳೆದರೆಂದು ವರದಿ. ಮೂವತ್ತು ವರ್ಷದ ನನ್ನ ಬೋಧನೆಯಿಂದ ಆಗದ ಹೃದಯ ಪರಿವರ್ತನೆ!

ಆಮೇಲೆ ದೊಡ್ಡ ಮೀನಿನ ಬಾಯಿಗೆ ಬಿದ್ದ ಪ್ರವಾದಿ ಯೋನನ ಸರದಿ. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇರಲು ಜಾಗ ಹೇಗಿರುತ್ತದೆ? ತಂದೆ ಮಗಳು ಮೀನು ಮಾರ್ಕೆಟ್ಟಿಗೆ ಹೋಗಿ ತೋಳುದ್ದದ ರಾವಸ್ ಮೀನು ಕೊಂಡು, ಅಲ್ಲೇ ಅದರ ಹೊಟ್ಟೆ ಬಿಡಿಸಿ, ಭೂತಗನ್ನಡಿ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಒಳಗೆ ಇಡೀ ಸೀಗಡಿ ಸಿಕ್ಕಿತಂತೆ, ಮೀಸೆ ಸಮೇತ. ಮೀನು ಮಾರುವ ಮಾವಶಿ ಸೊಂಟಕ್ಕೆ ಕೈಯಿಟ್ಟು, "ಸಾಬ್, ಮಚ್ಛೀ ಖಾನೇಕೋ ಲಿಯಾ ಕಿ ಪೋಸ್ಟ್‌ಮಾರ್ಟಮ್ ಕರನೇಕೋ?" ಎಂದು ಕೇಳಿದಳಂತೆ. ಮೀನು ಕೊಂಡದ್ದು ತಿನ್ನಲಿಕ್ಕೋ, ಕೊಯ್ದು ನೋಡಲಿಕ್ಕೋ? ಸೆನ್ಸಿಬಲ್ ವುಮನ್!

ನಾನು ಫೋನ್ ಮಾಡಿ ಝಾಡಿಸಿದೆ. "ಮಗುವಿನ ವಿಶ್ವಾಸದ ಗತಿ ಏನಾಗಬೇಕು ಮಾರಾಯ?"

"ವಿಶ್ವಾಸ ಅಂದ್ರೆ ಗಾಜಿನ ಬಳೆಯಾ ದೊಡ್ಡಮ್ಮ, ಮುಟ್ಟಿದ್ರೆ ಒಡೀಲಿಕ್ಕೆ? ಇಷ್ಟೆಲ್ಲ ಮಾಡಿಟ್ಟವನಿಗೆ, ಯಾರಾದ್ರೂ ಹತ್ರ ಬಂದು ಬಗ್ಗಿ ನೋಡಿದ್ರೆ ಸಂತೋಷ ಆಗುದಿಲ್ವಾ?"

"ನಾನ್‌ಸೆನ್ಸ್!" ಎಂದು ಫೋನ್ ಇಟ್ಟೆ. ಬೇರೆ ಉತ್ತರ ಹೊಳೆಯದಿದ್ದಾಗ ನಾನು ಹೇಳುವ ಮಾತು ಅದು.

ಕೊನೆಗೆ ಬಿಷಪರು ನಮ್ಮ ಸಂಡೇ ಸ್ಕೂಲ್ ನೋಡಲು ಬಂದ ಭಾನುವಾರ. ನನ್ನದು ಇಸ್ತ್ರಿ ಮಾಡಿದ ಬಿಳಿ ಸೀರೆ, ಮಕ್ಕಳದು ಎಣ್ಣೆ ಹಚ್ಚಿ ಬಾಚಿದ ತಲೆ. ಸತ್ತು ನಾಲ್ಕು ದಿನವಾದ ಲಾಜರನನ್ನು ಯೇಸು ಎಬ್ಬಿಸಿದ ಭಾಗವನ್ನು ರೂತ್ ಒಂದಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸಿದಳು. ನಾನು ಉಬ್ಬಿಹೋದೆ. ಆದರೆ ಅವಳು ಕೂರಲಿಲ್ಲ. ನೇರ ಬಿಷಪರನ್ನೇ ನೋಡಿ, "ಲಾಜರ ಆಮೇಲೆ ಇನ್ನೊಂದ್ ಸಲ ಸತ್ತನಾ? ಆವಾಗ ಯೇಸು ಯಾಕೆ ಬರ್ಲಿಲ್ಲ?" ಎಂದಳು.

ಬಿಷಪರು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ತೆರೆದೆ. "ರೂತ್! ಸಿಟ್ ಡೌನ್! ಇಷ್ಟು ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ದೇವರಿಗೆ ಆಗುವುದಿಲ್ಲ!"

ಅವಳು ಕೂತಳು. ಪಿನ್ ಡ್ರಾಪ್ ಸೈಲೆನ್ಸ್. ಹೊರಡುವಾಗ ಬಿಷಪರು ನನ್ನ ಡಿಸಿಪ್ಲಿನ್ ಹೊಗಳಿದರು.

ಮುಂದಿನ ನಾಲ್ಕು ಭಾನುವಾರ ಆ ಕೈ ಮೇಲೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ವಾರ ನನಗೆ ಪರಮಾನಂದ. ದೇವರ ಜನರಿಗೆ ಕೆಂಪು ಸಮುದ್ರವನ್ನು ಯಾರ ಅಡ್ಡಿಯೂ ಇಲ್ಲದೆ ಐದೇ ನಿಮಿಷದಲ್ಲಿ ದಾಟಿಸಿದೆ! ಮೂರನೆಯ ವಾರ ಪಾಠದ ನಡುವೆ ಅವಳತ್ತ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನಾಲ್ಕನೆಯ ವಾರ ಪಾಠ ಎಷ್ಟು ಓಡಿಸಿದರೂ ಮುಗಿಯಲಿಲ್ಲ.

ಆ ಸಂಜೆ ರೂತಳ ಅಪ್ಪನ ಫೋನ್ ಬಂತು.

"ದೊಡ್ಡಮ್ಮ, ಬೈಲಿಕ್ಕೆ ಫೋನ್ ಮಾಡಿದ್ದಲ್ಲ. ಅವಳು ಮನೆಯಲ್ಲೂ ಏನೂ ಕೇಳುದಿಲ್ಲ. ಪ್ರಾರ್ಥನೆಗೆ ಕೂತ್ರೆ ಆಮೆನ್ ಮಾತ್ರ. ಯಾಕೆ ಅಂದ್ರೆ, ದೇವರಿಗೆ ಆಗುದಿಲ್ಲಂತೆ ಅಂತಾಳೆ. ನನಗೆ ಏನು ಮಾಡುದು ಗೊತ್ತಿಲ್ಲ ದೊಡ್ಡಮ್ಮ."

ಈ ಸಲದ 'ಗೊತ್ತಿಲ್ಲ'ದಲ್ಲಿ ಯಾವ ಖುಷಿಯೂ ಇರಲಿಲ್ಲ. ನಾನೂ ನಾನ್‌ಸೆನ್ಸ್ ಎನ್ನದೆ, "ನಾಳೆ ಬರ್ತೇನೆ" ಎಂದು ಫೋನ್ ಇಟ್ಟೆ.

ಮರುದಿನ ಸಂಜೆ ಠಾಣೆಯಲ್ಲಿ ಟ್ರೇನು ಬದಲಿಸಿ ಐರೋಲಿಗೆ ಹೋದೆ. ರೂತ್ ಬಾಲ್ಕನಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತೆ. 'ಸಾರಿ' ಎನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದರೆ ಬಂದದ್ದೇ ಬೇರೆ.

"ರೂತ್, ದೇವರಿಗೆ ಆಗುವುದಿಲ್ಲ ಅಂತ ಹೇಳಿದ್ದು ದೇವರಲ್ಲ, ನಾನು. ನನ್ನದೇ ಒಂದು ಪ್ರಶ್ನೆ ಉಂಟು, ಕೇಳ್ಲಾ? ನಿನ್ನಷ್ಟಿರುವಾಗ ನನಗೊಬ್ಬ ತಮ್ಮ ಹುಟ್ಟಿದ್ದ. ಆರು ದಿನ ಇದ್ದ. ದೇವರ ಹತ್ರ ಹೋದ ಅಂದ್ರು. ಅವನಿಗೆ ನಡೀಲಿಕ್ಕೇ ಬರ್ತಿರಲಿಲ್ಲ. ಹಾಗಾದ್ರೆ ಅವನನ್ನು ಎತ್ತಿಕೊಂಡು ಹೋದದ್ದು ಯಾರು? ಶಾಲೆಯಲ್ಲಿ ಸಿಸ್ಟರ್ ಹತ್ರ ಕೇಳಿದೆ. ಮೊಣಕಾಲೂರಿ ನಿಲ್ಲಿಸಿದ್ರು. ಮತ್ತೆ ಯಾರ ಹತ್ರವೂ ಕೇಳ್ಲಿಲ್ಲ."

ಪೆನ್ಸಿಲ್ ನಿಂತಿತು. ಅವಳ ಅಪ್ಪ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ, ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ರೂತ್ ಪುಸ್ತಕ ಮುಚ್ಚಿ ನನ್ನತ್ತ ತಿರುಗಿದಳು.

"ಅಜ್ಜಿ," ಎಂದಳು ಮೆಲ್ಲಗೆ, "ಅವನು ಎಷ್ಟು ಭಾರ ಇದ್ದ?"

ಅರುವತ್ತು ವರ್ಷದಲ್ಲಿ ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ಒಂದೇ ಒಂದು ಸಲ ಎತ್ತಿಕೊಳ್ಳಲು ಕೊಟ್ಟಿದ್ದರು. ಊರಿನ ಒಂದು ದಪ್ಪ ಸೌತೆಕಾಯಿಯಷ್ಟಿದ್ದ ಎಂದು ಹೇಳಹೊರಟವಳು ಎರಡೂ ಕೈಗಳನ್ನು ಮುಂದೆ ಚಾಚಿ, ಇಷ್ಟು, ಎಂದು ತೋರಿಸಿದೆ. ಕೆಳಗಿಳಿಸಲು ಮನಸ್ಸು ಬರಲಿಲ್ಲ.