ಮೆಟ್ಟಿಲು ಮೇಷ್ಟ್ರಿಗೊಬ್ಬ ಓದುಗ

ಮನುಷ್ಯನೊಬ್ಬನನ್ನು ಕರೆತನ್ನಿ ಎಂದು ಕಚೇರಿಯ ಗುಮಾಸ್ತ ಬೆಳಿಗ್ಗೆ ಫೋನು ಮಾಡಿದ್ದೇ ಎಲ್ಲಕ್ಕೂ ಮೂಲ.

“ಎಂಥ ಮನುಷ್ಯ?” ಎಂದರು ಮೆಟ್ಟಿಲು ಮೇಷ್ಟ್ರು.

“ನಿಮ್ಮ ಸಂಶೋಧನೆ ಓದಿ, ಅದರಂತೆ ನಡೆದವನು ಸಾರ್. ಮಧ್ಯಾಹ್ನ ಪ್ರೊಫೆಸರ್ ಹುದ್ದೆ ಸಂದರ್ಶನಕ್ಕೆ ಹೊರಗಿನ ಅಧ್ಯಕ್ಷರು ಬರ್ತಿದಾರೆ. ಅವರಿಗೆ ಪ್ರಬಂಧದ ಕಂತೆ ಬೇಡವಂತೆ, ಓದಿದವನೊಬ್ಬ ಬೇಕಂತೆ.”

ಮೇಷ್ಟ್ರು ಸಾರ್ವಜನಿಕ ಆರೋಗ್ಯದ ಸಂಶೋಧಕರು. ಲಿಫ್ಟು ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಹತ್ತಿದರೆ ಹೃದಯ ಗಟ್ಟಿಯಾಗುತ್ತದೆ ಎಂದು ಯೌವನದಲ್ಲಿ ಬರೆದ ಪ್ರಬಂಧವೊಂದನ್ನೇ ಹಳೇ ಕೋಟಿನಂತೆ ತಿರುವಿ ಹೊಲಿದು, ತೊಂಬತ್ತು ಪ್ರಬಂಧ ಮಾಡಿದ್ದರು. ಅವನ್ನು ಉಲ್ಲೇಖಿಸಿದವರೂ ಬಹಳ ಮಂದಿ. ಮುಕ್ಕಾಲು ಪಾಲು ಸ್ವತಃ ಮೇಷ್ಟ್ರೇ; ಮಿಕ್ಕವರು ಅವರ ಸಹಿಗಾಗಿ ಕಾದಿದ್ದ ವಿದ್ಯಾರ್ಥಿಗಳು. ಮುಂದಿನ ವರ್ಷ ನಿವೃತ್ತಿ. ಪ್ರೊಫೆಸರ್ ಎನಿಸಿಕೊಳ್ಳಲು ಇದೇ ಕೊನೆಯ ಅವಕಾಶ.

ಮೊದಲು ಹೆಂಡತಿಯನ್ನು ಕೇಳಿದರು.

“ಬರೆದೋರೇ ಲಿಫ್ಟಲ್ಲಿ ಬರ್ತೀರಿ, ಓದದೇ ಇರೋಳು ನಾನ್ಯಾಕೆ ಹತ್ತಲಿ?” ಎಂದು ಆಕೆ ಬಟ್ಟೆ ಒಣಹಾಕಲು ಹೋದರು.

ಕೆಳಮನೆಯ ನಿವೃತ್ತ ಮ್ಯಾನೇಜರಿಗೆ ಪರೋಪಕಾರದ ಚಟ. “ಸಾಕ್ಷಿ ತಾನೆ? ನಾನು ಬರ್ತೀನಿ ನಡೀರಿ. ಆದ್ರೆ ನಮ್ಮನೇಲಿ ಮೆಟ್ಟಿಲೇ ಇಲ್ವಲ್ಲ, ದಿನಾ ಎಲ್ಲಿ ಹತ್ತಿದೆ ಅಂದ್ರೆ ಏನ್ ಹೇಳ್ಲಿ?”

ಮೇಷ್ಟ್ರು ಮುಖ ಬಾಡಿಸಿಕೊಂಡು ಸಂಸ್ಥೆಗೆ ಬಂದರು. ಅಲ್ಲಿನ ಗ್ರಂಥಪಾಲಕರಿಗೆ ಪುಸ್ತಕವೊಂದನ್ನು ಬಿಟ್ಟು ಊರಿನ ಎಲ್ಲ ವಿಷಯದಲ್ಲೂ ಆಸಕ್ತಿ. ಕತೆ ಕೇಳಿದವರೇ ತೊಡೆ ತಟ್ಟಿಕೊಂಡರು.

“ಒಬ್ಬನ್ಯಾಕೆ ಹುಡುಕ್ತೀರಿ ಮೇಷ್ಟ್ರೇ? ಲಿಫ್ಟ್ ನಿಲ್ಲಿಸಿಬಿಡೋಣ. ಇಡೀ ಸಂಸ್ಥೆ ಹತ್ತುತ್ತೆ. ಅಧ್ಯಕ್ಷರು ಕಣ್ಣಾರೆ ನೋಡ್ಲಿ.”

“ಅಧ್ಯಕ್ಷರೇ ಹತ್ತಬೇಕಾಗಿ ಬಂದ್ರೆ?”

“ಅವರು ಬರೋ ಹೊತ್ತಿಗೆ ಶುರು ಮಾಡ್ತೀನಿ. ಕೀಲಿ ನನ್ನ ಜೇಬಲ್ಲೇ ಇರುತ್ತೆ.”

ಲಿಫ್ಟು ನಿಂತಿತು. ಸಂಸ್ಥೆ ಹತ್ತಿತು, ಬೈಯುತ್ತ ಹತ್ತಿತು. ಮೇಷ್ಟ್ರೂ ಹತ್ತಬೇಕಾಯಿತು. ಎರಡನೆಯ ಮಹಡಿಗೆ ಬರುವಾಗ ಅವರ ಉಸಿರು ಕಮ್ಮಾರನ ಹಳೇ ತಿದಿಯಂತೆ ಸದ್ದು ಮಾಡುತ್ತಿತ್ತು. ಮೂರನೆಯ ಮಹಡಿಯ ತಿರುವಿನಲ್ಲಿ ವೃದ್ಧರೊಬ್ಬರು ಊರುಗೋಲು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕುಳಿತಿದ್ದರು. ಮೇಷ್ಟ್ರು ಕಂಬಿ ಹಿಡಿದು ಅವರ ಪಕ್ಕದಲ್ಲೇ ಕುಸಿದರು.

“ನಿಮಗೆ ಅಭ್ಯಾಸ ಇಲ್ಲ ಅಂತ ಕಾಣುತ್ತೆ,” ಎಂದರು ವೃದ್ಧರು.

“ನಿಮಗಿದೆಯೇ?”

“ಇಪ್ಪತ್ತು ವರ್ಷದಿಂದ. ಒಂದು ಪ್ರಬಂಧ ಓದಿ ಶುರು ಮಾಡಿದ್ದು. ಎರಡೆರಡು ಮೆಟ್ಟಿಲು ಹಾರಬೇಕು ಅಂತಿತ್ತು. ಹಾರಿದೆ.”

ಮೇಷ್ಟ್ರ ಕಣ್ಣು ತುಂಬಿ ಬಂತು. ದೇವರು ಕೊಡಲು ಮನಸ್ಸು ಮಾಡಿದರೆ ದಾರಿಯಲ್ಲೇ ಕೂರಿಸಿಟ್ಟಿರುತ್ತಾನೆ ಎಂದುಕೊಂಡು ಕೈಮುಗಿದರು.

“ಅದನ್ನ ಬರೆದವನು ನಾನೇ, ಯಜಮಾನರೇ.”

“ಓ,” ಎಂದು ವೃದ್ಧರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀವೇನಾ?”

“ಈ ಮಾತನ್ನೇ ಮೇಲೆ ಬಂದು ಹೇಳ್ಬೇಕು. ನನ್ನ ಜೀವಮಾನದ ಪ್ರಶ್ನೆ.”

“ಹೇಳೋಣ. ಅದಕ್ಕೇ ಬಂದಿದ್ದೀನಿ. ಸ್ವಲ್ಪ ಎಬ್ಬಿಸಿ.”

ಅದಕ್ಕೇ ಬಂದಿದ್ದೀನಿ ಎಂಬ ಮಾತಿಗೆ ಮೇಷ್ಟ್ರು ಕಿವಿಗೊಡಲಿಲ್ಲ. ಕಂಕುಳಿಗೆ ಕೈಕೊಟ್ಟು, ಮದುವೆ ಗಂಡನ್ನು ಕರೆತರುವ ಸಂಭ್ರಮದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿದರು. ಐದನೆಯ ಮಹಡಿಯ ಬಾಗಿಲು ತಳ್ಳಿ, “ತಂದಿದ್ದೀನಿ,” ಎಂದರು.

ಒಳಗಿದ್ದವರೆಲ್ಲ ಎದ್ದು ನಿಂತರು. ಮೇಷ್ಟ್ರು ತಮಗೇ ಎಂದುಕೊಂಡು ತಲೆ ಬಾಗಿಸುವಷ್ಟರಲ್ಲಿ, ವೃದ್ಧರು ಕೈ ಬಿಡಿಸಿಕೊಂಡು ಕುಂಟುತ್ತ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು.

“ಎರಡು ಮಂಡೀನೂ ಹೋಗಿವೆ,” ಎಂದರು ಅವರು, ಯಾರ ಮೇಲೂ ಸಿಟ್ಟಿಲ್ಲದೆ. “ನನ್ನಂಥೋರು ಇನ್ನೂ ಎಷ್ಟು ಮಂದಿ ಇದ್ದಾರೋ ನೋಡೋಣ ಅಂತಲೇ ಓದಿದವರನ್ನ ಕರೆಸಿದ್ದು. ಇವತ್ತಾದ್ರೂ ಲಿಫ್ಟಲ್ಲಿ ಹೋಗೋಣ ಅಂತ ಬೇಗ ಬಂದೆ. ಅದನ್ನೂ ನಿಲ್ಲಿಸಿದ್ರಿ.”

ಅವರು ಅಂಕಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಪ್ರಭಾವದ ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ. ಪೂರ್ತಿ ಅಂಕ ಕೊಡಿ. ಆದ್ರೆ ಪ್ರೊಫೆಸರ್ ಆದ್ರೆ ಇವರನ್ನ ಇನ್ನೂ ನಾಲ್ಕು ಜನ ಓದ್ತಾರೆ. ಸಾರ್ವಜನಿಕರ ಆರೋಗ್ಯ ನಾವೂ ನೋಡ್ಬೇಕಲ್ಲ.”

ಸಂದರ್ಶನ ಅಷ್ಟಕ್ಕೇ ಮುಗಿಯಿತು. ಅಧ್ಯಕ್ಷರು ಹೊರಡಲು ಎದ್ದಾಗ ಲಿಫ್ಟಿನ ಕೀಲಿಗೆ ಹುಡುಕಾಟ ನಡೆಯಿತು. ಕೆಲಸ ಗೆದ್ದಿತೆಂದು ನಂಬಿದ ಗ್ರಂಥಪಾಲಕರು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಸಿಹಿ ತರಲು ಪೇಟೆಗೆ ಹೋಗಿದ್ದರು.

ಅಧ್ಯಕ್ಷರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಗುಮಾಸ್ತ ಅದರ ಒಂದು ಬದಿ ಹಿಡಿದ. ಇನ್ನೊಂದು ಬದಿಗೆ ಮೇಷ್ಟ್ರು ಹೆಗಲು ಕೊಟ್ಟರು.

“ಒಂದೊಂದೇ ಮೆಟ್ಟಿಲು ಇಳೀರಪ್ಪ,” ಎಂದರು ಮೇಲಿನಿಂದ ಅಧ್ಯಕ್ಷರು.