ದಾನಿಗೆ ತುಪ್ಪ ಬಡಿಸದಿರುವ ಕುರಿತು

ಸಂಖ್ಯೆ: ಪ್ರತಿಕಾಯ/ತುಪ್ಪ/೩/೨೦೨೦-೨೧
ವಿಜಯಪುರ, ದಿನಾಂಕ: ೧೮.೦೯.೨೦೨೦

ಸುತ್ತೋಲೆ

ವಿಷಯ: ರೋಗದಿಂದ ಗುಣವಾಗಿ ಪ್ಲಾಸ್ಮಾ ಕೊಡಲು ಬರುವ ದಾನಿಗೆ ದಾರಿಯಲ್ಲಿ ಉಪಚಾರ ಮಾಡುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: ೧. ದಿನಾಂಕ ೧೬ರ ಹೋಳಿಗೆ.
೨. ದಿನಾಂಕ ೧೭ರ ಸುರಕುಂಬಾ (ಹಾಲು, ಶಾವಿಗೆ, ತುಪ್ಪ ಸಹಿತ).

ಜಲನಗರದ ಶಿಕ್ಷಕಿ ಶ್ರೀಮತಿ ಸಬೀರಾ ಇವರು ಸೋಂಕಿನಿಂದ ಆಸ್ಪತ್ರೆಯ ಏಳನೇ ಹಾಸಿಗೆಯಲ್ಲಿದ್ದಾರೆ. ಗುಣವಾದವರ ಪ್ಲಾಸ್ಮಾದಲ್ಲಿ ರೋಗದೊಡನೆ ಹೋರಾಡಿದ ಪ್ರತಿಕಾಯಗಳಿರುತ್ತವೆ. ಖಾತ್ರಿ ಇಲ್ಲ, ಕೊಟ್ಟು ನೋಡೋಣ ಎಂದು ವೈದ್ಯರು ತಿಳಿಸಿರುತ್ತಾರೆ. ರಕ್ತದ ಗುಂಪು ಹೊಂದುವ ದಾನಿ ಸಿಕ್ಕಿರುವುದು ಒಬ್ಬರೇ: ತಿಕೋಟಾದ ಲೈನ್‌ಮನ್ ಹಣಮಂತ.

ಸದರಿ ಹಣಮಂತ ಇವರು ಎರಡು ದಿನ ಬಂದು, ಎರಡೂ ದಿನ ಮರಳಿರುತ್ತಾರೆ. ಮೊದಲ ದಿನ ರೋಗಿಯ ಪಕ್ಕದ ಮನೆಯ ರಾಧಾಬಾಯಿ, ಎರಡನೇ ದಿನ ತೊರವಿಯಲ್ಲಿ ರೋಗಿಯ ಸೋದರಮಾವ ಮಲ್ಲಿಕಸಾಬ, ದಾರಿಯಲ್ಲೇ ತಡೆದು ಊಟಕ್ಕೆ ಕೂರಿಸಿದ್ದಾರೆ. ಪರಿಣಾಮವಾಗಿ ತುಪ್ಪದ ಕೊಬ್ಬು ರಕ್ತಕ್ಕೆ ಸೇರಿ, ಪರೀಕ್ಷೆಗೆ ತೆಗೆದ ಪ್ಲಾಸ್ಮಾ ಎರಡೂ ಸಲ ಮಜ್ಜಿಗೆಯಂತೆ ಬೆಳ್ಳಗಿದ್ದು, ತಿರಸ್ಕೃತವಾಗಿದೆ.

ಕಾರಣ ಕೇಳಲಾಗಿ, ರಾಧಾಬಾಯಿಯವರು, “ನಮ್ಮ ಸಬೀರಾನ ಜೀವಾ ಉಳಸಾಕ ಬಂದಾನ. ಬರೇ ಚಾ ಕುಡಿಸಿ ಕಳಸ್ಲೇನ್ರಿ?” ಎಂದಿರುತ್ತಾರೆ. ದಾನಿಯ ಹೇಳಿಕೆ: “ಒಲ್ಲೆ ಅಂದ್ರ ಕಣ್ಣಾಗ ನೀರ ತರ್ತಾರ್ರಿ. ಅಂಥವ್ರ ಮುಂದ ತಾಟ ಹೆಂಗ ಸರಸೂದು?” ಎರಡೂ ಹೇಳಿಕೆಗಳು ಸಮಾಧಾನಕರವಾಗಿವೆ. ಆದರೂ ಒಪ್ಪಲಾಗಿಲ್ಲ.

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಮೂರನೇ ಪ್ರಯತ್ನವಿದ್ದು, ಇನ್ನು ಕಾಯಲು ರೋಗಿಯಿಂದ ಆಗದು. ಆದ್ದರಿಂದ ತಿಕೋಟಾ, ಬಬಲೇಶ್ವರ ಹಾಗೂ ನಗರದ ಸಮಸ್ತರಿಗೆ ಕೆಳಗಿನಂತೆ ಆದೇಶಿಸಿದೆ:

೧. ದಾನಿಗೆ ಇಂದು ರಾತ್ರಿಯಿಂದ ರೊಟ್ಟಿ, ಬೇಳೆ ಕಟ್ಟು ಮತ್ತು ನೀರು ಮಾತ್ರ. ರೊಟ್ಟಿಯ ಮೇಲೆ ಬೆಣ್ಣೆ ತಾನಾಗಿಯೇ ಬಂತೆಂಬ ವಿವರಣೆಯನ್ನು ಪರಿಗಣಿಸಲಾಗುವುದಿಲ್ಲ.

೨. ದಾನಿಯನ್ನು ಇಲಾಖೆಯ ಜೀಪಿನಲ್ಲಿ ಕರೆತರತಕ್ಕದ್ದು. ತೊರವಿಯಲ್ಲಿ ಜೀಪು ನಿಲ್ಲತಕ್ಕದ್ದಲ್ಲ. ಜನ ಅಡ್ಡ ನಿಂತಲ್ಲಿ, ದಾನಿಯು ಬಾಯಿ ಮುಚ್ಚಿಕೊಂಡು, ಅವರಿಗೆ ಬೆನ್ನು ಹಾಕಿ, ಪಕ್ಕದ ಊರಾದ ಇಟ್ಟಂಗಿಹಾಳದ ದಿಕ್ಕಿಗೆ ಮುಖ ಮಾಡಿ ಕೂರತಕ್ಕದ್ದು.

೩. “ಒಂದ ತುತ್ತ” ಎಂದು ಒತ್ತಾಯಿಸುವುದನ್ನು ನಿಷೇಧಿಸಿದೆ. ದಿನಾಂಕ ೧೬ರ ಒಂದು ತುತ್ತು ಐದು ಹೋಳಿಗೆಯಷ್ಟಿತ್ತೆಂದು ಅಳತೆಯಿಂದ ಕಂಡುಬಂದಿದೆ.

೪. ದಾನಿಯ ಜೇಬಿನಲ್ಲಿ ಶೇಂಗಾ ಉಂಡಿ ಇಡುವುದು, ಲೈಟು ಹೋಗಿದೆ ಎಂದು ಸುಳ್ಳು ದೂರು ಕೊಟ್ಟು ಮನೆಗೆ ಕರೆಸಿಕೊಳ್ಳುವುದು ಅಪರಾಧ. ಬಬಲೇಶ್ವರದಿಂದ ರೋಗಿಯ ಅತ್ತೆ ನಸ್ರೀನ ಇವರು ಈಗಾಗಲೇ ಇಂಥ ದೂರು ಕೊಟ್ಟಿದ್ದು, ಬಬಲೇಶ್ವರವು ತಿಕೋಟಾದ ಲೈನ್‌ಮನ್ನರ ವ್ಯಾಪ್ತಿಗೆ ಬರುವುದಿಲ್ಲ.

೫. ಉಪಚಾರ ಮಾಡದೆ ಮನಸ್ಸು ತಡೆಯದವರು ತಿನಿಸನ್ನು ಕಛೇರಿಯಲ್ಲಿ ಠೇವಣಿ ಇಡಬಹುದು. ಪಹರೆಗೆ ಜವಾನ ಸದಾಶಿವನನ್ನು ನೇಮಿಸಿದೆ. ಆದೇಶಕ್ಕೆ ಮುಂಚೆಯೇ ನಿನ್ನೆ ಕೆಲವರು ತಂದಿಟ್ಟ ಠೇವಣಿ ಕಾಣೆಯಾಗಿದ್ದು, ಸದಾಶಿವ ಅರ್ಧ ದಿನ ರಜೆ ಕೋರಿರುತ್ತಾನೆ.

೬. ಜೀಪಿನಲ್ಲಿ ದಾನಿಯ ಪಕ್ಕ ರಾಧಾಬಾಯಿಯವರೇ ಕಾವಲಿಗೆ ಕೂರತಕ್ಕದ್ದು. ತುಪ್ಪವನ್ನು ಜನ ಎಲ್ಲೆಲ್ಲಿ ಬಚ್ಚಿಡುತ್ತಾರೆಂಬ ಅನುಭವ ಇವರಷ್ಟು ಇಲಾಖೆಯಲ್ಲಿ ಯಾರಿಗೂ ಇಲ್ಲ.

೭. ಸಬೀರಾ ಇವರು ಮನೆಗೆ ಮರಳಿದ ದಿನ ಈ ಸುತ್ತೋಲೆ ತಾನಾಗಿಯೇ ರದ್ದಾಗುತ್ತದೆ. ಅಂದು ದಾನಿಯು ಹಸಿದುಕೊಂಡು ಜಲನಗರಕ್ಕೆ ಹಾಜರಾಗತಕ್ಕದ್ದು. ಒಲ್ಲೆ ಎಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ಸಹಿ/-
(ವಿದ್ಯಾಧೀಶ)
ಪ್ರಭಾರ ಅಧಿಕಾರಿ, ಪ್ರತಿಕಾಯ ಸಂಗ್ರಹಣೆ

ಪ್ರತಿಗಳು:
೧. ಹಣಮಂತ, ತಿಕೋಟಾ: ಖಾಲಿ ಜೇಬಿನೊಂದಿಗೆ ಸಿದ್ಧರಿರಲು.
೨. ಮಲ್ಲಿಕಸಾಬ, ತೊರವಿ: ನಾಳೆ ಹತ್ತರವರೆಗೆ ಬಾಗಿಲು ಹಾಕಿಕೊಂಡಿರಲು.
೩. ರಾಧಾಬಾಯಿ, ಜಲನಗರ: ಸಹಿ ಮಾಡಿದವರ ತಾಯಿ. ಮನೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಫಲ ಕಾಣದ್ದರಿಂದ ಲಿಖಿತವಾಗಿ.
೪. ಸಬೀರಾ, ಹಾಸಿಗೆ ೭: ಓದಲು ಅವಸರವಿಲ್ಲ. ಮನೆಗೆ ಬಂದ ಮೇಲೆ ಸಹಿ ಮಾಡಿ ತಾವೇ ತಂದು ಕೊಡತಕ್ಕದ್ದು. ಅಲ್ಲಿಯವರೆಗೆ ಕಡತವನ್ನು ಮುಚ್ಚಲಾಗುವುದಿಲ್ಲ.