ಒಂದನೇ ಕ್ಲಾಸಿಗೆ ಸೇರಿದ ಸೀಟಿ ಸಾರ್

"ಸಾಬೂನು ಕಾರ್ಖಾನೆಯ ಇಡೀ ಪ್ಯಾಕಿಂಗ್ ವಿಭಾಗವನ್ನೇ ಬೆರಳ ತುದೀಲಿ ಕುಣಿಸೋನು ನಾನು. ಒಂದನೇ ಕ್ಲಾಸು ಯಾವ ಮಹಾ!"

ಹೀಗೆಂದು ಘೋಷಿಸಿ ನಮ್ಮ ಸೀಟಿ ಸಾರ್ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಸೀಟಿ ಸಾರ್ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಾರ್ಖಾನೆಯಲ್ಲಿ ಅವರು ಮೇಲ್ವಿಚಾರಕರು, ಕೊರಳಲ್ಲಿ ಸದಾ ಒಂದು ಸ್ಟೀಲಿನ ಸೀಟಿ. ಶಿಫ್ಟ್ ಶುರುವಾಗಲು ಒಂದು ಸೀಟಿ, ಮುಗಿಯಲು ಒಂದು ಸೀಟಿ, ನಡುವೆ ಯಾರಾದರೂ ಆಕಳಿಸಿದರೆ ಅದಕ್ಕೊಂದು ಸೀಟಿ! ಅವರ ಕೈಕೆಳಗಿನವರು ಮನೆಯಲ್ಲಿ ಕುಕ್ಕರ್ ಕೂಗಿದರೂ ಧಡಕ್ಕನೆ ಎದ್ದು ನಿಲ್ಲುತ್ತಿದ್ದರಂತೆ.

ವಿಷಯ ಇಷ್ಟೇ. ಮಗಳು ಪುಟ್ಟಿ ಮರುದಿನ ಒಂದನೇ ಕ್ಲಾಸಿಗೆ ಸೇರಬೇಕು. ಕ್ಲಾಸು ಹೇಗೆ ನಡೆಯುತ್ತದೆ, ಮಕ್ಕಳು ಏನೇನು ಮಾಡಬೇಕು ಎಂದು ತಂದೆತಾಯಿಯರಿಗೆ ತಿಳಿಸಲು ಶಾಲೆಯವರು ಇವತ್ತು ಬರಹೇಳಿದ್ದರು. ಮಕ್ಕಳನ್ನೂ ಕರೆತನ್ನಿ, ಅವರು ಪಕ್ಕದ ಕೋಣೆಯಲ್ಲಿ ಬಣ್ಣ ಹಚ್ಚುತ್ತಿರುತ್ತಾರೆ ಅಂದಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅದಕ್ಕಾಗಿ ರಜೆ ಹಾಕಿದ್ದಳು. ಸೀಟಿ ಸಾರ್ ಆ ರಜೆಯನ್ನು ರದ್ದು ಮಾಡಿಸಿದರು.

"ನಾನೇ ಹೋಗಿ ಬರ್ತೀನಿ ಅಂದ್ನಲ್ಲ, ನಿಮಗ್ಯಾಕೆ ತೊಂದರೆ?" ಅಂದಳು ಹೆಂಡತಿ.

"ನೀನು ಹೋದ್ರೆ ಟೀಚರ್ ಹೇಳಿದ್ದನ್ನ ಕೇಳ್ಕೊಂಡು ಬರ್ತೀಯ. ನಾನು ಹೋದ್ರೆ ಟೀಚರ್‌ಗೇ ನಾಲ್ಕು ಮಾತು ಹೇಳಿ ಬರ್ತೀನಿ!"

"ನನ್ನ ಭಯಾನೂ ಅದೇ."

ಅಷ್ಟರಲ್ಲಿ ಮೇಜಿನ ಕೆಳಗಿಂದ ಒಂದು ಸಣ್ಣ ದನಿ ಬಂತು. "ಅಪ್ಪಾ, ಸ್ಕೂಲಲ್ಲಿ ತಪ್ಪು ಮಾಡಿದ್ರೆ ಏನ್ ಮಾಡ್ತಾರೆ?"

ಪುಟ್ಟಿ ಈ ಪ್ರಶ್ನೆ ಕೇಳುವುದು ಅದೇ ಮೊದಲಲ್ಲ. ಬೇಸಿಗೆಯುದ್ದಕ್ಕೂ ಅಪ್ಪ ಕೊಟ್ಟ ತರಬೇತಿ ಹಾಗಿತ್ತು. ಹಲ್ಲುಜ್ಜಲು ಸೀಟಿ, ಶೂ ಹಾಕಲು ಸೀಟಿ, ಎಡಗಾಲಿನದು ಬಲಗಾಲಿಗೆ ಹೋದರೆ ಉದ್ದನೆಯ ಸೀಟಿ! ಮೊದಮೊದಲು ಸ್ಕೂಲು ಸ್ಕೂಲು ಎಂದು ಕುಣಿಯುತ್ತಿದ್ದ ಹುಡುಗಿ ಈಗ ಆ ಮಾತೆತ್ತಿದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದಳು.

"ತಪ್ಪು ಯಾಕೆ ಮಾಡ್ತೀಯ? ಮಾಡ್ಲೇಬಾರದು!" ಎಂದರು ಸೀಟಿ ಸಾರ್. ಧೈರ್ಯ ತುಂಬಿದೆ ಎಂದೇ ಅವರ ನಂಬಿಕೆ.

ಹೆಂಡತಿ ಅವರನ್ನು ಬಾಗಿಲ ಬಳಿ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ನೋಡಿ, ನಾಳೆ ಅವಳು ಅಳದೆ ಸ್ಕೂಲಿಗೆ ಹೋಗ್ಬೇಕು. ಅಷ್ಟು ಮಾಡ್ಕೊಂಡು ಬನ್ನಿ ಸಾಕು. ನನಗೆ ಬೇರೆ ಏನೂ ಬೇಡ."

"ಅಳೋದಾ? ಹಾರ್ಕೊಂಡು ಹೋಗ್ತಾಳೆ, ನೋಡ್ತಿರು!"

ಒಂದನೇ ಕ್ಲಾಸಿನ ಟೀಚರ್ ಸಣ್ಣ ಆಳು, ದನಿ ಇನ್ನೂ ಸಣ್ಣದು. ಇವರ ಮಾತು ಮಕ್ಕಳಿಗೆ ಕೇಳಿಸುವುದಾದರೂ ಹೇಗೆ ಎಂದು ಸೀಟಿ ಸಾರ್‌ಗೆ ಬಾಗಿಲಲ್ಲೇ ಕನಿಕರ ಹುಟ್ಟಿತು. ಪುಟ್ಟಿಯನ್ನು ಪಕ್ಕದ ಕೋಣೆಗೆ ಬಿಟ್ಟು ಬಂದರೆ ಟೀಚರ್ ಅಂದರು, "ಶೂ ಗೂಡಿಗೆ, ಬ್ಯಾಗು ಕೊಕ್ಕೆಗೆ, ಆಮೇಲೆ ಒಳಗೆ." ಕೊಕ್ಕೆಗಳೋ, ಸೀಟಿ ಸಾರ್ ಸೊಂಟದ ಮಟ್ಟಕ್ಕಿದ್ದವು.

"ನನ್ನ ಬ್ಯಾಗಲ್ಲಿ ಕಾರ್ಖಾನೆ ಬೀಗದ ಕೈ ಇದೆ, ಮೇಡಂ. ಎಲ್ಲೆಂದರಲ್ಲಿ ನೇತುಹಾಕೋಕಾಗಲ್ಲ," ಎಂದು ಸೀಟಿ ಸಾರ್ ಬ್ಯಾಗನ್ನು ಒಳಗೇ ತಂದು ಕುರ್ಚಿಯ ಕೆಳಗೆ ನೆಲದ ಮೇಲಿಟ್ಟರು. ಕನ್ನಡಕ ತೆಗೆದುಕೊಂಡವರು ಜಿಪ್ ಎಳೆಯುವುದನ್ನು ಮರೆತರು. ಕುರ್ಚಿ ಎಂದರೆ ಅದೂ ಒಂದನೇ ಕ್ಲಾಸಿನದೇ. ಕೂತರೆ ಮೊಣಕಾಲು ಕಿವಿಗೆ ತಾಗುತ್ತಿತ್ತು.

"ನಾನು ಬರೀ ಬಾಯಲ್ಲಿ ಹೇಳ್ತಾ ಹೋದ್ರೆ ನೀವೆಲ್ಲ ಫೋನ್ ನೋಡ್ತೀರಿ," ಅಂದರು ಟೀಚರ್. "ಅದಕ್ಕೇ ಇವತ್ತು ಒಂದನೇ ಕ್ಲಾಸನ್ನೇ ನಡೆಸಿಬಿಡೋಣ. ಮಕ್ಕಳು ನೀವು. ಮಾತಾಡೋ ಮುಂಚೆ ಕೈ ಎತ್ತಬೇಕು."

"ನೀರು ಕುಡಿಯೋಕೂ ಕೈ ಎತ್ತಬೇಕಾ?" ಎಂದರು ಸೀಟಿ ಸಾರ್, ಕೈ ಎತ್ತದೆ.

ಟೀಚರ್ ನಗುನಗುತ್ತಾ ಕಿಟಕಿಯ ಕಡೆ ನೋಡಿದರು. ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಕೈ ಎತ್ತಿ, "ನೀರು ಕುಡಿಯೋಕೂ ಕೈ ಎತ್ತಬೇಕಾ, ಟೀಚರ್?" ಅಂದರು.

"ಒಳ್ಳೆ ಪ್ರಶ್ನೆ! ಬೇಡ, ಎದ್ದು ಹೋಗಿ ಕುಡೀಬಹುದು." ಡಾಕ್ಟರು ಬಹುಮಾನ ಬಂದವರ ಹಾಗೆ ಸುತ್ತ ನೋಡಿದರು. ಸೀಟಿ ಸಾರ್‌ಗೆ ಹೊಟ್ಟೆ ಉರಿಯಿತು.

ಮುಂದಿನ ಪಾಠ ಚಪ್ಪಾಳೆಯದು. ಟೀಚರ್ ಮೆಲ್ಲಗೆ ಎರಡು ಸಲ ಚಪ್ಪಾಳೆ ತಟ್ಟಿದರೆ ಯಾರು ಎಲ್ಲಿ ಹೇಗಿದ್ದರೋ ಹಾಗೇ ನಿಂತು, ಬಾಯಿ ಮುಚ್ಚಿ, ಟೀಚರ್ ಕಡೆ ನೋಡಬೇಕು.

ಈ ಸಲ ಸೀಟಿ ಸಾರ್ ಕೈ ಎತ್ತಿದರು. "ಮೇಡಂ, ಮಕ್ಕಳು ಚಪ್ಪಾಳೆಗೆಲ್ಲ ಬಗ್ಗೋ ಜಾತಿಯಲ್ಲ. ಅನುಭವದಿಂದ ಹೇಳ್ತೀನಿ, ಒಂದು ಸೀಟಿ ಇಟ್ಕೊಳ್ಳಿ."

"ಸೀಟಿ ಊದಿದ್ರೆ ಮಕ್ಕಳು ನಿಲ್ಲಲ್ಲ, ಸಾರ್. ಸೀಟಿ ಎಲ್ಲಿದೆ ಅಂತ ನೋಡೋಕೆ ಓಡಿಬರ್ತಾರೆ," ಎಂದರು ಟೀಚರ್. ಪಾಪ, ಅನುಭವ ಸಾಲದು ಎಂದುಕೊಂಡರು ಸೀಟಿ ಸಾರ್.

ಕೋಣೆಯ ಮೂಲೆಯಲ್ಲಿ ಮಂಡಿಯೆತ್ತರದ ಮರದ ಬೇಲಿಯೊಳಗೆ ಒಂದು ಆಮೆಯಿತ್ತು. ಹಿಂದಿನ ವರ್ಷದ ಮಕ್ಕಳು ಅದಕ್ಕೆ 'ಅವಸರ' ಎಂದು ಹೆಸರಿಟ್ಟಿದ್ದರು. ಈ ಕ್ಲಾಸಿನಲ್ಲಿ ಪ್ರತಿ ಮಗುವಿಗೂ ಒಂದು ಕೆಲಸ, ವಾರಕ್ಕೊಮ್ಮೆ ಬದಲು ಎಂದು ವಿವರಿಸಿ ಟೀಚರ್ ದೊಡ್ಡವರಿಗೂ ಕೆಲಸ ಹಂಚಿದರು. ಬೇಲಿ ತೆಗೆದು ಅವಸರನಿಗೆ ಎಲೆ ಹಾಕುವವರು ಡಾಕ್ಟರು. ಕೈ ತೊಳೆಯಲು ನಲ್ಲಿಯವರೆಗೆ ಸಾಲನ್ನು ನಡೆಸುವ ತಲೆ, ಬಸ್ ಓಡಿಸುವ ಒಬ್ಬ ಅಮ್ಮ. ಸೀಟಿ ಸಾರ್ ಎದೆ ಉಬ್ಬಿಸಿ ಕಾಯುತ್ತಿದ್ದರು.

"ನೀವು ಬಾಲ."

"ಏನಂದ್ರಿ?"

"ಸಾಲಿನ ಬಾಲ. ಎಲ್ಲರೂ ಹೊರಗೆ ಹೋದ ಮೇಲೆ ಬೇಲಿ ಚಿಲಕ ಹಾಕಿ, ಬಾಗಿಲು ಮುಚ್ಚಿ, ಕೊನೆಗೆ ಬರಬೇಕು. ಇರೋದರಲ್ಲಿ ದೊಡ್ಡ ಜವಾಬ್ದಾರಿ ಇದೇ."

ವರ್ಷಗಟ್ಟಲೆ ಸಾಲಿನ ಮುಂದೆ ನಿಂತ ಮನುಷ್ಯನಿಗೆ ಬಾಲದ ಕೆಲಸ! ಸೀಟಿ ಸಾರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೂ ಸಾವರಿಸಿಕೊಂಡರು. ಮೇಲ್ವಿಚಾರಕ ಎಂದಾದರೂ ಸ್ವತಃ ಚಿಲಕ ಹಾಕಿದ್ದುಂಟೇ? ಮುಂದೆ ನಿಂತಿದ್ದ ವಕೀಲರೊಬ್ಬರ ಭುಜ ತಟ್ಟಿ, "ಚಿಲಕ, ಬಾಗಿಲು ಎರಡೂ ಹಾಕಿಸಿಬಿಡಿ," ಎಂದು ಅಪ್ಪಣೆ ಕೊಟ್ಟು, ಸಾಲು ಸೊಟ್ಟಗಿದೆಯಲ್ಲ, ಅದನ್ನು ನೆಟ್ಟಗೆ ಮಾಡಲು ಮುಂದಕ್ಕೆ ನಡೆದರು. ವಕೀಲರು ತಮ್ಮ ಮುಂದಿನವರಿಗೆ ಹೇಳಿದರು. ಅವರು ಅವರ ಮುಂದಿನವರಿಗೆ. ಅಪ್ಪಣೆ ಸಾಲಿನುದ್ದಕ್ಕೂ ಸಾಗಿ ನಲ್ಲಿಯ ಹತ್ತಿರ ತಲೆಯನ್ನು ಮುಟ್ಟಿತು.

"ಬಾಗಿಲು ಹಿಂದಿದೆ, ನಾನು ಮುಂದಿದ್ದೀನಿ. ಬಾಲಕ್ಕೆ ಹೇಳ್ರಿ!" ಎಂದಳು ಬಸ್ಸಿನಾಕೆ.

ಮಾತು ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. ಆದರೆ ಬಾಲ ಇದ್ದರಲ್ಲವೇ! ಬಾಲ ಆಗ ಸಾಲಿನ ನಡುವೆ ನಿಂತು, ಯಾರದೋ ಮೊಣಕೈ ಹೊರಗೆ ಬಂದಿದೆ ಎಂದು ಒಳಗೆ ತಳ್ಳುತ್ತಿತ್ತು.

ಕೈ ತೊಳೆದು ಕ್ಲಾಸಿಗೆ ಮರಳಿದರೆ ಬಾಗಿಲು ಹಾರುಹೊಡೆದಿದೆ, ಬೇಲಿ ತೆರೆದಿದೆ, ಅವಸರ ಇಲ್ಲ!

"ಆಮೆ ತಾನೇ! ಎಷ್ಟು ದೂರ ಹೋದೀತು?" ಎಂದರು ಸೀಟಿ ಸಾರ್. ಒಳಗೊಳಗೇ ಅವರ ಜೀವ ಬಾಯಿಗೆ ಬಂದಿತ್ತು. ಆಮೆ ಕಳೆದದ್ದು ತನ್ನಪ್ಪನಿಂದ ಎಂದು ಗೊತ್ತಾದರೆ ಪುಟ್ಟಿ ನಾಳೆ ಈ ಶಾಲೆಯ ಗೇಟಿನ ಹತ್ತಿರವಾದರೂ ಬಂದಾಳೆಯೇ?

ಟೀಚರ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವರೆಲ್ಲ ಹೊರಗೆ ಓಡಿಯಾಗಿತ್ತು. ಬಸ್ಸಿನಾಕೆ ನಿಲ್ಲಿಸಿದ್ದ ಕಾರುಗಳ ಕೆಳಗೆ ಮಲಗಿ ನೋಡಿದಳು. ವಕೀಲರು ತೋಟದ ಮಾಲಿಯನ್ನು ಹಿಡಿದು, "ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ?" ಎಂದು ಪಾಟೀಸವಾಲಿಗೆ ಇಳಿದರು. ಡಾಕ್ಟರು ನೀರಿನ ತೊಟ್ಟಿಯೊಳಗೆ ಟಾರ್ಚು ಬಿಟ್ಟು, "ಆ ಅನ್ನು, ಆ!" ಎನ್ನುತ್ತಿದ್ದರು. ಒಬ್ಬರಂತೂ ಮರದ ಮೇಲೆ ನೋಡುತ್ತಿದ್ದರು! ಇಂಥ ಗೊಂದಲ ಕಂಡರೆ ಸೀಟಿ ಸಾರ್‌ಗೆ ತಡೆಯುವುದಿಲ್ಲ. ಕೈ ತಾನಾಗಿ ಕೊರಳಿಗೆ ಹೋಯಿತು.

ಪೀಂ...!

ಪಕ್ಕದ ಕೋಣೆಯ ಬಾಗಿಲು ಧಡಾರನೆ ತೆರೆದು ಒಂದನೇ ಕ್ಲಾಸು ಪೂರ್ತಿ ಹೋ ಎಂದು ಹೊರಗೆ ನುಗ್ಗಿತು. ಕೆಲವರ ಕೈಯಲ್ಲಿ ಬಣ್ಣ, ಕೆಲವರ ಮೂಗಿನ ಮೇಲೂ ಬಣ್ಣ. ಅಪ್ಪಂದಿರು ಆಮೆ ಬಿಟ್ಟು ಮಕ್ಕಳ ಹಿಂದೆ ಓಡಿದರು. ಬೆಂಕಿ ಬಿದ್ದಿದೆ ಎಂದುಕೊಂಡ ಜವಾನ ಗಂಟೆ ಬಾರಿಸತೊಡಗಿದ. ಗಂಟೆ ಕೇಳಿ ಹೆಡ್ಮಿಸ್ಸು ಟೀ ಕಪ್ಪಿನ ಸಮೇತ ಮೆಟ್ಟಿಲಿಳಿದು ಬಂದರು. ಸೀಟಿ ಸಾರ್ ಎಲ್ಲರನ್ನೂ ನಿಲ್ಲಿಸಲೆಂದು ಮತ್ತೆ ಊದಿದರು. ಎಲ್ಲರೂ ಇನ್ನೂ ಜೋರಾಗಿ ಓಡಿದರು!

ಕ್ಲಾಸಿನ ಬಾಗಿಲಲ್ಲಿ, ಈ ಗದ್ದಲದ ನಡುವೆ, ಪುಟ್ಟಿ ಬಂದು ಅಪ್ಪನ ಮುಂದೆ ನಿಂತಳು. "ಏನಾಯ್ತಪ್ಪಾ?"

"ಆಮೆ ಕಾಣ್ತಿಲ್ಲ, ಪುಟ್ಟಿ."

"ಯಾರು ಬಿಟ್ಟಿದ್ದು?"

ಸೀಟಿ ಸಾರ್ ಸುತ್ತ ನೋಡಿದರು. ವಕೀಲರು, ಡಾಕ್ಟರು, ಬಸ್ಸಿನಾಕೆ ಎಲ್ಲರ ಬೆರಳೂ ಇವರ ಕಡೆಗೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಟ್ಟಿಯ ಕಣ್ಣು ಅಪ್ಪನ ಮುಖದಿಂದ ನಿಧಾನವಾಗಿ ಟೀಚರ್ ಮುಖಕ್ಕೆ ಹೋಯಿತು. ಈಗ ಟೀಚರ್ ಏನು ಮಾಡುತ್ತಾರೋ ಎಂದು ಅವಳು ಕಾಯುತ್ತಿದ್ದಳು.

ಟೀಚರ್ ಮೆಲ್ಲಗೆ ಎರಡು ಸಲ ಚಪ್ಪಾಳೆ ತಟ್ಟಿದರು.

ಮೊದಲು ಮಕ್ಕಳು ನಿಂತರು. ಪಕ್ಕದ ಕೋಣೆಯಲ್ಲಿ ಅವರೂ ಆಗಷ್ಟೇ ಅದನ್ನು ಕಲಿತಿದ್ದರು. ಮಕ್ಕಳನ್ನು ನೋಡಿ ದೊಡ್ಡವರು ನಿಂತರು. ಹೆಡ್ಮಿಸ್ಸು ಒಂದು ಕಾಲು ಮೇಲಿಟ್ಟುಕೊಂಡೇ ನಿಂತರು. ಜವಾನನ ಕೈ ಗಂಟೆಯ ಹಗ್ಗದ ಮೇಲೆ ಹಾಗೇ ಉಳಿಯಿತು. ಸೀಟಿ ಸಾರ್ ಬಾಯಲ್ಲಿದ್ದ ಸೀಟಿ 'ಪುಸ್' ಎಂದು ಸುಮ್ಮನಾಯಿತು.

ಆ ನಿಶ್ಶಬ್ದದಲ್ಲಿ ಕ್ಲಾಸಿನೊಳಗಿಂದ ಒಂದು ಸದ್ದು ಕೇಳಿಸಿತು. ಕರಂ, ಕುರುಂ, ಕರಂ. ಎಲ್ಲರೂ ಒಳಗೆ ಇಣುಕಿದರು. ಒಂದು ಪುಟ್ಟ ಕುರ್ಚಿಯ ಕೆಳಗೆ ಒಂದು ದೊಡ್ಡ ಬ್ಯಾಗು ತನ್ನಷ್ಟಕ್ಕೆ ತಾನೇ ಅಲುಗಾಡುತ್ತಿತ್ತು.

ಸೀಟಿ ಸಾರ್ ನಿಧಾನವಾಗಿ ಕೈ ಎತ್ತಿದರು.

"ಹೇಳಿ," ಅಂದರು ಟೀಚರ್.

"ಟೀಚರ್... ಅದು ನನ್ನ ಬ್ಯಾಗು."

ಒಳಗೆ, ಮುಚ್ಚಳ ಬಿಚ್ಚಿಹೋಗಿದ್ದ ಊಟದ ಡಬ್ಬಿಯ ಪಕ್ಕ, ಕಾರ್ಖಾನೆಯ ಬೀಗದ ಕೈಗಳ ಮೇಲೆ ಸುಖಾಸೀನವಾಗಿ ಅವಸರ ಸೌತೆಕಾಯಿ ತಿನ್ನುತ್ತಿತ್ತು. ಯಾರಾದರೂ ಬಂದು ಎಬ್ಬಿಸುತ್ತಾರೆ ಎಂಬ ಯೋಚನೆಯೇ ಅದಕ್ಕಿರಲಿಲ್ಲ.

ಮಕ್ಕಳು ನಕ್ಕರು. ಸೀಟಿ ಸಾರ್ ಈಗ ಬೈಗುಳಕ್ಕೆ ತಲೆಯೊಡ್ಡಿ ನಿಂತರು. ತಾವಾಗಿದ್ದರೆ ಏನೇನು ಅನ್ನುತ್ತಿದ್ದರೋ ಅದೆಲ್ಲ ಅವರ ಕಿವಿಯಲ್ಲಿ ಮೊದಲೇ ಮೊಳಗುತ್ತಿತ್ತು.

"ಏನಾಯ್ತು ಅಂತ ನೀವೇ ಹೇಳ್ತೀರಾ?" ಎಂದರು ಟೀಚರ್.

"ಚಿಲಕ ನಾನು ಹಾಕ್ಲಿಲ್ಲ. ಬಾಗಿಲೂ ಮುಚ್ಲಿಲ್ಲ. ಬ್ಯಾಗು ನೇತುಹಾಕ್ಲಿಲ್ಲ."

"ಸರಿ. ಅವಸರನನ್ನ ಬೇಲಿಯೊಳಗೆ ಬಿಟ್ಟು, ಬ್ಯಾಗು ಕೊಕ್ಕೆಗೆ ಹಾಕಿ ಬನ್ನಿ. ಇನ್ನೊಂದು ಸಲ ನಲ್ಲಿವರೆಗೆ ಹೋಗಿ ಬರೋಣ."

"ಅಷ್ಟೇನಾ?"

"ಅಷ್ಟೇ. ಬಾಲ ನೀವೇ."

ಎರಡನೇ ಸಲ ಸೀಟಿ ಸಾರ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಎಲ್ಲರೂ ಹೊರಗೆ ಹೋಗುವವರೆಗೆ ಕದಲಲಿಲ್ಲ. ಚಿಲಕ ಹಾಕಿದರು, ಎಳೆದು ನೋಡಿದರು, ಬಾಗಿಲು ಮುಚ್ಚಿದರು, ಕಟ್ಟಕಡೆಗೆ ನಡೆದರು. ಟೀಚರ್ ಹಿಂತಿರುಗಿ ನೋಡಿ ತಲೆಯಾಡಿಸಿದಾಗ, ಇಷ್ಟು ವಯಸ್ಸಾದವರು ಹೇಳಿಕೊಳ್ಳಬಾರದು, ಅವರಿಗೆ ನಿಜವಾಗಿಯೂ ಖುಷಿಯಾಯಿತು.

ಖುಷಿ ಗೇಟಿನವರೆಗೆ ಮಾತ್ರ. ದಾರಿಯುದ್ದಕ್ಕೂ ಪುಟ್ಟಿ ಏನೋ ಯೋಚಿಸುತ್ತಾ ನಡೆದಳು. ಕೆಲಸ ಕೆಟ್ಟಿತು, ಇನ್ನು ಈ ಮಗು ಮೇಜಿನ ಕೆಳಗಿಂದ ಮೇಲೇಳುವುದಿಲ್ಲ, ಹೆಂಡತಿಗೆ ಮುಖ ತೋರಿಸುವುದು ಹೇಗೆ ಎಂದು ಸೀಟಿ ಸಾರ್ ಹೈರಾಣಾದರು.

ಸಂಜೆ ಹೆಂಡತಿ ಆಸ್ಪತ್ರೆಯಿಂದ ಬಂದವಳೇ, "ಹೇಗಾಯ್ತು?" ಅಂದಳು.

"ಪರವಾಗಿಲ್ಲ. ಟೀಚರ್ ಒಳ್ಳೆಯವರು. ಸ್ವಲ್ಪ ಸಲಹೆ ಕೊಟ್ಟು..."

"ಅಮ್ಮಾ, ಅಪ್ಪ ಆಮೆ ಕಳೆದುಬಿಟ್ರು!" ಎಂದು ಪುಟ್ಟಿ ಶುರು ಮಾಡಿದವಳು ಒಂದನ್ನೂ ಬಿಡಲಿಲ್ಲ. ಹೆಡ್ಮಿಸ್ಸಿನ ಎತ್ತಿದ ಕಾಲನ್ನು ಮಾಡಿಯೇ ತೋರಿಸಿದಳು. ಹೆಂಡತಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೀಟಿ ಸಾರ್ ಗೋಡೆ ನೋಡುತ್ತಾ ಕೂತರು.

ಹೇಳಿ ಮುಗಿಸಿದ ಪುಟ್ಟಿ ಒಳಗೆ ಹೋಗಿ ಹೊಸ ಶೂ ತಂದು, ಎಡಬಲ ನೋಡಿ ಬಾಗಿಲ ಬಳಿ ಜೋಡಿಸಿಟ್ಟಳು. "ಅಮ್ಮಾ, ನಾಳೆ ನಾನು ಸ್ಕೂಲಿಗೆ ಹೋಗ್ತೀನಿ. ಬೇಗ ಎಬ್ಬಿಸು."

ಸೀಟಿ ಸಾರ್‌ಗೆ ಹೋದ ಜೀವ ಬಂದ ಹಾಗಾಯಿತು. ಎದೆ ಮತ್ತೆ ಉಬ್ಬಿತು. "ನೋಡಿದ್ಯಾ! ನಾನು ಬೆಳಿಗ್ಗೇನೇ ಹೇಳ್ಲಿಲ್ವಾ? ಪುಟ್ಟಿ, ಭಯ ಎಲ್ಲ ಹೋಯ್ತಾ? ಅಪ್ಪ ಏನ್ ಮಾಡಿದ್ದಕ್ಕೆ ಹೋಯ್ತು, ಅಮ್ಮಂಗೆ ಹೇಳು!"

ಪುಟ್ಟಿ ಅಪ್ಪನ ಕೆನ್ನೆ ಸವರಿ ಸಮಾಧಾನದ ದನಿಯಲ್ಲಿ ಅಂದಳು:

"ಅಷ್ಟೊಂದು ತಪ್ಪು ಮಾಡಿದ್ರೂ ಟೀಚರ್ ನಿನ್ನನ್ನೇ ಕ್ಲಾಸಲ್ಲಿ ಇಟ್ಕೊಂಡ್ರಲ್ಲಪ್ಪಾ. ಇನ್ನು ನನ್ನ ಇಟ್ಕೊಳ್ಳಲ್ವಾ?"